ಹೆಸರಿಡುವ ಹಕ್ಕು

ಘಟಪ್ರಭಾ ದಂಡೆಯ ಕಲಾದಗಿ ಇವತ್ತು ಬಾಗಲಕೋಟೆ ತಾಲೂಕಿನ ಒಂದು ಊರು. 1864ರಲ್ಲಿ ಇದೇ ಊರಿನ ಹೆಸರಲ್ಲಿ ಒಂದು ಜಿಲ್ಲೆ ಆಯಿತು. ಮುಂಬಯಿ ಪ್ರಾಂತ್ಯದ ಆ ಜಿಲ್ಲೆಯ ಕಲೆಕ್ಟರ ಕಚೇರಿ ಇಲ್ಲೇ ಇತ್ತು. ಸುಮಾರು ಇಪ್ಪತ್ತು ವರ್ಷದ ಮೇಲೆ ಕಚೇರಿ ಬಿಜಾಪುರಕ್ಕೆ ಹೋಯಿತು, ಜಿಲ್ಲೆಯ ಹೆಸರೂ ಅದರ ಜೊತೆಗೇ ಹೋಯಿತು. 1956ರ ನವೆಂಬರ್ 1ರಂದು ಊರು ಮೈಸೂರು ರಾಜ್ಯಕ್ಕೆ ಸೇರಿತು. 1973ರ ನವೆಂಬರ್ 1ರಂದು ಆ ರಾಜ್ಯ ಕರ್ನಾಟಕವಾಯಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದಾಗ ಕಲಾದಗಿ ಅದರೊಳಗೆ ಬಂತು.

ಇಷ್ಟೆಲ್ಲ ಆದರೂ ದಾಖಲೆ ಬರೆಯುವವನಿಗೆ ದೊಡ್ಡ ತೊಂದರೆಯೇನಿಲ್ಲ. ‘ಜಿಲ್ಲೆ’ ಎಂಬ ಕಾಲಂ ಮೊದಲೇ ಇದೆ. ಹಳೆಯ ಹೆಸರು ಹೊಡೆದುಹಾಕಿ ಹೊಸದನ್ನು ಬರೆದರೆ ಮುಗಿಯಿತು. ಇಕ್ಕಟ್ಟು ಬರುವುದು ಬೇರೆ ಬಗೆಯ ಬದಲಾವಣೆಯಲ್ಲಿ. 1972ರ ಆಗಸ್ಟ್ 15ರಂದು ದೇಶಕ್ಕೆ ಪಿನ್‌ಕೋಡ್ ಬಂತು. ಈ ಭಾಗದ ಊರುಗಳಿಗೆ 587ರಿಂದ ಶುರುವಾಗುವ ಆರು ಅಂಕಿ ಸಿಕ್ಕಿತು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದ ಮೇಲೆ ಬಾಗಲಕೋಟೆಯ ದಾಖಲೆಗೆ ‘ಮುಳುಗಡೆ’, ‘ಪುನರ್ವಸತಿ’, ‘ನವನಗರ’ ಎಂಬ ಸಂಗತಿಗಳು ಬಂದವು. 1864ರ ರಿಜಿಸ್ಟರಿನಲ್ಲಿ ಇವಕ್ಕೆ ಕಾಲಂ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಇರುವ ಕಾಲಮ್ಮಿನಲ್ಲಿ ಬೆಲೆ ಬದಲಿಸುವುದು ಒಂದು ಕೆಲಸ, ಕಾಲಮ್ಮನ್ನೇ ಹೊಸದಾಗಿ ಹುಟ್ಟಿಸುವುದು ಇನ್ನೊಂದು. ಪ್ರೋಗ್ರಾಮಿಂಗ್ ಲೋಕ ಅರುವತ್ತು ವರ್ಷದಿಂದ ಜಗಳಾಡುತ್ತಿರುವುದು ಈ ಎರಡನೆಯದರ ಬಗ್ಗೆ: ಪ್ರೋಗ್ರಾಮು ಓಡುತ್ತಿರುವಾಗಲೇ ಒಂದು ಆಬ್ಜೆಕ್ಟಿಗೆ ಹೊಸ ಗುಣವೊಂದನ್ನು ಅಂಟಿಸಬಹುದೇ? ಅಂಟಿಸಬಹುದಾದರೆ, ಅದಕ್ಕೆ ಹೆಸರಿಡುವ ಹಕ್ಕು ಯಾರಿಗೆ?

ಕ್ಲಾಸ್ ಮೊದಲೋ, ಆಬ್ಜೆಕ್ಟ್ ಮೊದಲೋ

ಒಂದು ಬಗೆಯ ವಸ್ತುಗಳಿಗೆಲ್ಲ ಏನೇನು ಇರಬೇಕು ಎಂದು ಬರೆದಿಟ್ಟ ವಿವರಣೆ ಕ್ಲಾಸ್. ಆ ವಿವರಣೆಯ ಪ್ರಕಾರ ಮೆಮೊರಿಯಲ್ಲಿ ನಿಜವಾಗಿ ಜಾಗ ಹಿಡಿದು ಕೂತದ್ದು ಆಬ್ಜೆಕ್ಟ್. ‘ಊರು’ ಒಂದು ಕ್ಲಾಸ್. ಕಲಾದಗಿ, ಬಾದಾಮಿ, ಹುನಗುಂದ, ಇಳಕಲ್ ಅದರ ಆಬ್ಜೆಕ್ಟುಗಳು. ನದಿ, ತಾಲೂಕು, ಜಿಲ್ಲೆ ಇವು ಗುಣಗಳು, ಅಂದರೆ ಪ್ರಾಪರ್ಟಿಗಳು.

ಈ ವಿಚಾರ ಹುಟ್ಟಿದ್ದು ನಾರ್ವೆಯ ಓಸ್ಲೋದಲ್ಲಿ. ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ಸಿಮ್ಯುಲಾ 67 ಭಾಷೆಯಲ್ಲಿ ಗುಣಗಳ ಪಟ್ಟಿಯನ್ನು ಪ್ರೋಗ್ರಾಮು ಬರೆಯುವಾಗಲೇ ಕ್ಲಾಸಿನಲ್ಲಿ ಹೇಳಬೇಕಿತ್ತು. ಕಂಪೈಲರು ಆ ಪಟ್ಟಿ ನೋಡಿ ಪ್ರತಿ ಗುಣಕ್ಕೂ ಆಬ್ಜೆಕ್ಟಿನೊಳಗೆ ಒಂದು ಖಾಯಂ ಜಾಗ ಗೊತ್ತುಮಾಡುತ್ತಿತ್ತು. ಓಡುವಾಗ ‘ಜಿಲ್ಲೆ’ ಎಂಬ ಹೆಸರೇ ಉಳಿದಿರುವುದಿಲ್ಲ. ಆಬ್ಜೆಕ್ಟಿನ ಆರಂಭದಿಂದ ಇಷ್ಟನೆಯ ಬೈಟು ಎಂಬ ಲೆಕ್ಕವೊಂದೇ ಉಳಿದಿರುತ್ತದೆ. ಸಿ++ ಈ ದಾರಿಯಲ್ಲೇ ನಡೆಯಿತು. ಜಾವಾ ಕೂಡ ಇದೇ ಮತದ್ದು. ಅದರ ರಿಫ್ಲೆಕ್ಷನ್ ಸೌಲಭ್ಯದಿಂದ ಓಡುತ್ತಿರುವಾಗ ಗುಣವೊಂದನ್ನು ಹೆಸರು ಹಿಡಿದು ಹುಡುಕಿ ಬೆಲೆ ತುಂಬಬಹುದು. ಕ್ಲಾಸಿನಲ್ಲಿ ಇಲ್ಲದ ಗುಣವನ್ನು ಸೇರಿಸುವುದಕ್ಕೆ ಮಾತ್ರ ಬರುವುದಿಲ್ಲ. ಇಲ್ಲಿ ಹೆಸರಿಡುವ ಹಕ್ಕು ಪೂರ್ತಿಯಾಗಿ ಕ್ಲಾಸ್ ಬರೆದವನದು.

ಎದುರು ಪಕ್ಷ ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎದ್ದಿತು. ಡೇವಿಡ್ ಉಂಗಾರ್ ಮತ್ತು ರ‍್ಯಾಂಡಲ್ ಸ್ಮಿತ್ ಅವರ ‘ಸೆಲ್ಫ್’ ಭಾಷೆ ಕ್ಲಾಸನ್ನೇ ಕಿತ್ತುಹಾಕಿತು. ಇರುವುದೆಲ್ಲ ಆಬ್ಜೆಕ್ಟ್, ಹೊಸದು ಬೇಕೆಂದರೆ ಇರುವ ಒಂದನ್ನು ನಕಲು ಮಾಡಿ, ಬೇಕಾದ ಗುಣ ಸೇರಿಸಿಕೊಳ್ಳಿ. 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿಗಾಗಿ ಬ್ರೆಂಡನ್ ಐಕ್ ಅವಸರದಲ್ಲಿ ಬರೆದ ಜಾವಾಸ್ಕ್ರಿಪ್ಟ್ ಈ ಗುಣವನ್ನು ಸೆಲ್ಫ್‌ನಿಂದಲೇ ಪಡೆಯಿತು. ನಿಮ್ಮ ಮೊಬೈಲಿನಲ್ಲಿ ತೆರೆಯುವ ಬಹುತೇಕ ಎಲ್ಲ ವೆಬ್‌ಪುಟಗಳ ಒಳಗೆ ಇವತ್ತು ಆಬ್ಜೆಕ್ಟುಗಳು ಓಡುತ್ತಲೇ ಹೊಸ ಗುಣ ಪಡೆಯುತ್ತಿವೆ.

ಕನ್ನಡದಲ್ಲೇ ಬರೆದು ನೋಡೋಣ

2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಒಂದು ಉಪಕಾರ ಮಾಡಿತು: ಪ್ರೋಗ್ರಾಮಿನೊಳಗಿನ ಹೆಸರುಗಳನ್ನು ಯಾವ ಲಿಪಿಯಲ್ಲಾದರೂ ಬರೆಯಬಹುದು. ‘ಊರು’ ಎಂಬ ಖಾಲಿ ಕ್ಲಾಸೊಂದನ್ನು ಮೊದಲು ಮಾಡಿಟ್ಟುಕೊಂಡರೆ ಈ ಸಾಲುಗಳು ಅಕ್ಷರಶಃ ಹೀಗೇ ಓಡುತ್ತವೆ:

ಊರು.ರಾಜ್ಯ = "ಮೈಸೂರು"
ಕಲಾದಗಿ = ಊರು()
ಇಳಕಲ್ = ಊರು()
ಕಲಾದಗಿ.ನದಿ = "ಘಟಪ್ರಭಾ"
ಇಳಕಲ್.ತಾಲೂಕು = "ಹುನಗುಂದ"

ಕ್ಲಾಸ್ ಬರೆದಾಗ ‘ನದಿ’ಯೂ ಇರಲಿಲ್ಲ, ‘ತಾಲೂಕು’ ಕೂಡ ಇರಲಿಲ್ಲ. ಚುಕ್ಕಿ ಇಟ್ಟು ಹೆಸರು ಬರೆದು ಬೆಲೆ ಕೊಟ್ಟ ಕ್ಷಣದಲ್ಲಿ ಅವು ಹುಟ್ಟಿದವು. ಅದೂ ಆ ಒಂದೊಂದೇ ಆಬ್ಜೆಕ್ಟಿಗೆ. ‘ನದಿ’ ಕಲಾದಗಿಗೆ ಬಂತು, ಇಳಕಲ್‌ಗೆ ಬರಲಿಲ್ಲ.

ಒಳಗೆ ನಡೆಯುವುದು ಸರಳ. ಇಂಥ ಪ್ರತಿ ಆಬ್ಜೆಕ್ಟಿನ ಜೊತೆಗೂ ಪೈಥಾನ್ ಒಂದು ಡಿಕ್ಷನರಿ ಇಟ್ಟಿರುತ್ತದೆ: ಹೆಸರು ಕೊಟ್ಟರೆ ಬೆಲೆ ಸಿಗುವ ಪಟ್ಟಿ. ಗುಣ ಸೇರಿಸುವುದೆಂದರೆ ಆ ಪಟ್ಟಿಗೆ ಒಂದು ನಮೂದು ಹಾಕುವುದು, ಅಷ್ಟೆ. ಓದುವಾಗ ಸಾಮಾನ್ಯವಾಗಿ ಮೊದಲು ಆಬ್ಜೆಕ್ಟಿನ ಸ್ವಂತ ಪಟ್ಟಿ ನೋಡುತ್ತದೆ, ಅಲ್ಲಿಲ್ಲದಿದ್ದರೆ ಕ್ಲಾಸಿನದನ್ನು, ಅಲ್ಲೂ ಇಲ್ಲದಿದ್ದರೆ ಕ್ಲಾಸಿನ ಹಿರಿಯರದನ್ನು. ಮೇಲಿನ ಮೊದಲ ಸಾಲಿನಲ್ಲಿ ‘ರಾಜ್ಯ’ವನ್ನು ಕ್ಲಾಸಿಗೇ ಕೊಟ್ಟಿದ್ದೇವೆ. ಕಲಾದಗಿ.ರಾಜ್ಯ ಎಂದು ಕೇಳಿದರೆ ಕಲಾದಗಿಯ ಸ್ವಂತ ಪಟ್ಟಿಯಲ್ಲಿ ಸಿಗದೆ, ಕ್ಲಾಸಿನಿಂದ "ಮೈಸೂರು" ಎಂಬ ಉತ್ತರ ಬರುತ್ತದೆ. ಈಗ 1973ರ ನವೆಂಬರ್ 1 ಬಂತೆನ್ನಿ:

ಊರು.ರಾಜ್ಯ = "ಕರ್ನಾಟಕ"

ಒಂದೇ ಸಾಲು. ಲಕ್ಷ ಊರುಗಳಿದ್ದರೂ ಎಲ್ಲವೂ ಮರುಕ್ಷಣವೇ ಕರ್ನಾಟಕದವು. ಆದರೆ ನಡುವೆ ಯಾರೋ ಒಬ್ಬರು ಅತಿ ಎಚ್ಚರದಿಂದ ಕಲಾದಗಿ.ರಾಜ್ಯ = "ಮೈಸೂರು" ಎಂದು ಊರಿಗೇ ನೇರವಾಗಿ ಬರೆದಿದ್ದರೆ? ಸ್ವಂತ ಪಟ್ಟಿಯ ನಮೂದು ಕ್ಲಾಸಿನದನ್ನು ಮರೆಮಾಡುತ್ತದೆ. ನಾಡೆಲ್ಲ ಕರ್ನಾಟಕವಾದ ಮೇಲೂ ಕಲಾದಗಿ ಒಂದೇ ಮೈಸೂರಿನಲ್ಲಿ ಉಳಿಯುತ್ತದೆ, ಪ್ರೋಗ್ರಾಮು ಚಕಾರ ಎತ್ತುವುದಿಲ್ಲ.

ಯಾಕೆ ಬೇಕು ಈ ಸ್ವಾತಂತ್ರ್ಯ

ಜಗತ್ತಿನ ವಸ್ತುಗಳು ಒಂದೇ ಅಳತೆಯವಲ್ಲ, ಅದಕ್ಕೆ. ಬಾದಾಮಿಯ ದಾಖಲೆಗೆ ನಾಲ್ಕು ಗುಹಾಲಯಗಳು ಬೇಕು, ಮೂರನೆಯ ಗುಹೆಯ ಕ್ರಿ.ಶ. 578ರ ಶಾಸನ ಬೇಕು. ಪಟ್ಟದಕಲ್ಲಿಗೆ 1987ರಲ್ಲಿ ಸಿಕ್ಕ ವಿಶ್ವ ಪರಂಪರೆಯ ಪಟ್ಟ ಬೇಕು. ಇಳಕಲ್‌ಗೆ ಸೀರೆಯ ಭೌಗೋಳಿಕ ಸೂಚಕ, ಕಲಾದಗಿಗೆ ದಾಳಿಂಬೆ ಮತ್ತು ಚಿಕ್ಕು ತೋಟ, ಜೊತೆಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ವರದಿಯಿಂದ ಊರಿನ ಹೆಸರನ್ನೇ ಹೊತ್ತ ಶಿಲಾಸಮೂಹ. ಇವೆಲ್ಲವನ್ನೂ ‘ಊರು’ ಕ್ಲಾಸಿನಲ್ಲಿ ಮೊದಲೇ ಸೇರಿಸಿದರೆ ಪ್ರತಿ ಊರಿಗೂ ನೂರಾರು ಕಾಲಂ ಬರುತ್ತದೆ, ಹತ್ತು ತುಂಬಿರುತ್ತದೆ, ಉಳಿದದ್ದು ಖಾಲಿ. ಅಷ್ಟು ಮಾಡಿಯೂ ನಾಳೆ ಹುಟ್ಟುವ ಹೊಸ ಸಂಗತಿಗೆ ಜಾಗವಿರುವುದಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಎಷ್ಟೋ ಸಲ ಗುಣದ ಹೆಸರು ಪ್ರೋಗ್ರಾಮು ಬರೆದವನಿಗೆ ಗೊತ್ತೇ ಇರುವುದಿಲ್ಲ. ಅದು ದತ್ತಾಂಶದ ಜೊತೆ ಬರುತ್ತದೆ. ಒಂದು ಕಚೇರಿಯಿಂದ ಎಕ್ಸೆಲ್ ಹಾಳೆ ಬಂತು, ಮೊದಲ ಸಾಲಿನಲ್ಲಿ ಕಾಲಮ್ಮುಗಳ ತಲೆಬರಹ. ಮುಂದಿನ ತಿಂಗಳು ಅದೇ ಹಾಳೆಗೆ ಅವರೇ ಎರಡು ಕಾಲಂ ಹೆಚ್ಚು ಸೇರಿಸಿ ಕಳಿಸುತ್ತಾರೆ. ಇಂಥಲ್ಲಿ ಚುಕ್ಕಿ ಇಟ್ಟು ಹೆಸರು ಬರೆಯಲು ಬರುವುದಿಲ್ಲ. ಪೈಥಾನಿನಲ್ಲಿ ಅದಕ್ಕೆಂದೇ ‘ಸೆಟ್‌ಆಟರ್’ ಎಂಬ ಫಂಕ್ಷನ್ ಇದೆ. ಆಬ್ಜೆಕ್ಟ್, ಗುಣದ ಹೆಸರು, ಬೆಲೆ ಮೂರನ್ನೂ ಕೊಟ್ಟರೆ ಗುಣ ಅಂಟಿಕೊಳ್ಳುತ್ತದೆ. ಹೆಸರು ಇಲ್ಲಿ ಒಂದು ಸಾಮಾನ್ಯ ಅಕ್ಷರಮಾಲೆ, ಎಲ್ಲಿಂದ ಬಂದರೂ ಸರಿ.

ಕೋಟೆ ಎರಡು, ಕಾಣುವುದು ಒಂದೇ

ಹೊರಗಿನಿಂದ ಬರುವ ಹೆಸರಿಗೆ ಕನ್ನಡದಲ್ಲಿ ಮೂರು ಹೊಂಡಗಳಿವೆ.

ಮೊದಲನೆಯದು ಕಾಗುಣಿತದ್ದು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲಿ ಇಳಕಲ್ ಕೂಡ ಒಂದು. ಅಲ್ಲಿಯವರೆಗೆ ಅದು ಹುನಗುಂದ ತಾಲೂಕಿನದು. ದಾಖಲೆ ತಿದ್ದಲು ಕೂತವರು ಒತ್ತಕ್ಷರ ಕೊಟ್ಟು ಬರೆಯುವ ರೂಢಿಯವರು ಎನ್ನಿ:

ಇಳಕಲ್.ತಾಲ್ಲೂಕು = "ಇಳಕಲ್"

ಹಳೆಯ ‘ತಾಲೂಕು’ ಹುನಗುಂದವಾಗಿಯೇ ಉಳಿಯಿತು. ಪಕ್ಕದಲ್ಲಿ ‘ತಾಲ್ಲೂಕು’ ಎಂಬ ಹೊಸ ಗುಣ ಹುಟ್ಟಿತು. ಊರು ಏಕಕಾಲಕ್ಕೆ ಎರಡು ತಾಲೂಕಿನಲ್ಲಿದೆ, ದೋಷಸಂದೇಶ ಇಲ್ಲ. ಜಾವಾದಲ್ಲಿ ಇದೇ ಸಾಲು ಕಂಪೈಲ್ ಆಗುತ್ತಲೇ ಇರಲಿಲ್ಲ. ಎಲ್ಲರಿಗೂ ಹೆಸರಿಡುವ ಹಕ್ಕಿದ್ದಾಗ ಕೈತಪ್ಪಿಗೂ ಆ ಹಕ್ಕು ಸಿಗುತ್ತದೆ.

ಎರಡನೆಯದು ಕಣ್ಣಿಗೆ ಬೀಳುವುದಿಲ್ಲ. ‘ಪಿನ್‌ಕೋಡ್’ ಎಂಬಲ್ಲಿ ‘ನ್’ ಮತ್ತು ‘ಕೋ’ ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ನಡುವೆ ಒಂದು ಅಗಲವಿಲ್ಲದ, ಅದೃಶ್ಯ ಸಂಕೇತವನ್ನು ಕೀಲಿಮಣೆ ಸೇರಿಸಿರುತ್ತದೆ. ಚುಕ್ಕಿಯ ಮುಂದೆ ಈ ಹೆಸರು ಬರೆದರೆ ಪೈಥಾನ್ ದೋಷ ತೋರಿಸಿ ನಿಲ್ಲುತ್ತದೆ. ಅದೃಶ್ಯ ಸಂಕೇತಕ್ಕೆ ಹೆಸರಿನೊಳಗೆ ಅಲ್ಲಿ ಜಾಗವಿಲ್ಲ. ಜಾವಾಸ್ಕ್ರಿಪ್ಟ್ ಒಪ್ಪಿಕೊಳ್ಳುತ್ತದೆ. ಪೈಥಾನಿನದೇ ಸೆಟ್‌ಆಟರ್ ಕೂಡ ಒಪ್ಪಿಕೊಳ್ಳುತ್ತದೆ, ಯಾಕೆಂದರೆ ಅದು ಹೆಸರನ್ನು ವ್ಯಾಕರಣಕ್ಕೆ ಒಡ್ಡುವುದೇ ಇಲ್ಲ. ಆಗ ಗುಣ ಆಬ್ಜೆಕ್ಟಿನೊಳಗೆ ಇರುತ್ತದೆ, ಚುಕ್ಕಿಯಿಂದ ಮಾತ್ರ ಅದನ್ನು ಮುಟ್ಟಲಾಗದು.

ಮೂರನೆಯದು ಇನ್ನೂ ಸೂಕ್ಷ್ಮ. ಬಾದಾಮಿಗೆ ‘ಕೋಟೆ’ ಎಂಬ ಗುಣ ಕೊಡಬೇಕಾಗಿದೆ. ಯೂನಿಕೋಡಿನಲ್ಲಿ ‘ಕೋ’ ಬರೆಯಲು ಒಂದಕ್ಕಿಂತ ಹೆಚ್ಚು ದಾರಿಗಳಿವೆ: ‘ಕ’ದ ಮುಂದೆ ಓತ್ವದ ಒಂದೇ ಸಂಕೇತ ಇಡಬಹುದು, ಇಲ್ಲವೇ ಎತ್ವ, ಊತ್ವ, ದೀರ್ಘದ ಗುರುತು ಎಂದು ಮೂರಾಗಿ ಬಿಡಿಸಿ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ. ಚುಕ್ಕಿಯ ಮುಂದೆ ಬರೆದ ಹೆಸರನ್ನು ಪೈಥಾನ್ ತಾನಾಗಿಯೇ ಕೂಡಿಸಿದ ರೂಪಕ್ಕೆ ತರುತ್ತದೆ. ಸೆಟ್‌ಆಟರ್‌ಗೆ ಕೊಟ್ಟ ಹೆಸರನ್ನು ಹಾಗೆ ತರುವುದಿಲ್ಲ. ಬಿಡಿಸಿದ ರೂಪದ ‘ಕೋಟೆ’ ಹಾಳೆಯಿಂದ ಬಂದು ಸೆಟ್‌ಆಟರ್ ಮೂಲಕ ಒಳಹೊಕ್ಕರೆ, ಆಮೇಲೆ ಬಾದಾಮಿ.ಕೋಟೆ ಎಂದು ಕೇಳಿದವರಿಗೆ ‘ಅಂಥ ಗುಣವಿಲ್ಲ’ ಎಂಬ ಉತ್ತರ ಬರುತ್ತದೆ. ಪಟ್ಟಿ ಮುದ್ರಿಸಿ ನೋಡಿದರೆ ಕೋಟೆ ಕಣ್ಣೆದುರೇ ಇದೆ! ಪರಿಹಾರ ಒಂದು ಸಾಲಿನದು: ಹೊರಗಿನ ಹೆಸರನ್ನು ಸೆಟ್‌ಆಟರ್‌ಗೆ ಕೊಡುವ ಮೊದಲು ಯೂನಿಕೋಡಿನ ‘ನಾರ್ಮಲೈಸ್’ ಫಂಕ್ಷನ್ನಿನಲ್ಲಿ ಹಾಯಿಸಿ ಏಕರೂಪಕ್ಕೆ ತರಬೇಕು. ಇಂಗ್ಲಿಷ್ ಹೆಸರುಗಳಲ್ಲೇ ಕಲಿತು ಬಂದವರಿಗೆ ಈ ಸಾಲಿನ ಅಗತ್ಯ ಹೊಳೆಯುವುದು ಕಡಿಮೆ.

ವೇಗದ ಲೆಕ್ಕ

ಖಾಯಂ ಜಾಗದಿಂದ ಬೆಲೆ ಎತ್ತಿಕೊಳ್ಳುವುದು ವೇಗದ ಕೆಲಸ. ಪಟ್ಟಿಯಲ್ಲಿ ಹೆಸರು ಹುಡುಕುವುದು ಅದಕ್ಕಿಂತ ನಿಧಾನ, ಮೆಮೊರಿಯೂ ಹೆಚ್ಚು ಬೇಕು. ಸೆಲ್ಫ್ ಭಾಷೆಯವರೇ ಇದಕ್ಕೊಂದು ಜಾಣ ಉಪಾಯ ಕಂಡುಹಿಡಿದರು. ಒಂದೇ ಗುಣಗಳನ್ನು ಹೊತ್ತ ಆಬ್ಜೆಕ್ಟುಗಳನ್ನು ಓಡುತ್ತಿರುವಾಗಲೇ ಗುರುತಿಸಿ, ಅವುಗಳ ಬೆನ್ನಿಗೆ ಗುಟ್ಟಾಗಿ ಒಂದು ವಿವರಣೆ ಸೃಷ್ಟಿಸುವುದು. ಆ ತಂಡದಲ್ಲಿದ್ದ ಲಾರ್ಸ್ ಬಾಕ್ ಮುಂದೆ ಗೂಗಲ್‌ನಲ್ಲಿ ವಿ8 ಎಂಜಿನ್ ಕಟ್ಟಿದರು. 2008ರಲ್ಲಿ ಕ್ರೋಮ್ ಬ್ರೌಸರಿನೊಡನೆ ಬಂದ ಅದರಲ್ಲಿ ಇದನ್ನು ಹಿಡನ್ ಕ್ಲಾಸ್ ಎನ್ನುತ್ತಾರೆ. ಪ್ರೋಗ್ರಾಮರ್ ಬರೆಯದ ಕ್ಲಾಸನ್ನು ಎಂಜಿನ್ ತಾನೇ ಊಹಿಸಿಕೊಳ್ಳುತ್ತದೆ, ಸಿಮ್ಯುಲಾದ ಹಾಗೆ ಜಾಗದ ಲೆಕ್ಕದಲ್ಲೇ ಬೆಲೆ ಎತ್ತುತ್ತದೆ. ಆದರೆ ಗುಣ ಸೇರಿಸುವ ಕ್ರಮ ಒಂದೇ ಇರಬೇಕು. ಒಂದೂರಿಗೆ ಮೊದಲು ತಾಲೂಕು, ಆಮೇಲೆ ಕೋಟೆ. ಇನ್ನೊಂದಕ್ಕೆ ಮೊದಲು ಕೋಟೆ, ಆಮೇಲೆ ತಾಲೂಕು ಎಂದು ಸೇರಿಸಿದರೆ ಎಂಜಿನ್ನಿಗೆ ಅವು ಎರಡು ಬೇರೆ ಜಾತಿ. ಪೈಥಾನ್ ಕೂಡ 2012ರ 3.3 ಆವೃತ್ತಿಯಿಂದ ಒಂದೇ ಕ್ಲಾಸಿನ ಆಬ್ಜೆಕ್ಟುಗಳು ಹೆಸರಿನ ಪಟ್ಟಿಯನ್ನು ಹಂಚಿಕೊಂಡು, ಬೆಲೆಗಳನ್ನಷ್ಟೇ ಬೇರೆ ಬೇರೆ ಇಟ್ಟುಕೊಳ್ಳುವ ವ್ಯವಸ್ಥೆ ಮಾಡಿತು.

ಕಟ್ಟುಪಾಡು ಮತ್ತು ಸಡಿಲಿಕೆ ಒಂದೇ ವಸ್ತುವಿನಲ್ಲಿ ಹೇಗೆ ಇರಬಹುದು ಎಂಬುದನ್ನು ನೋಡಬೇಕಾದರೆ ಇಳಕಲ್‌ನ ಕುಣಿಮಗ್ಗದ ಹತ್ತಿರ ನಿಲ್ಲಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಪ್ರತ್ಯೇಕವಾಗಿ ತಯಾರಿಸಿ, ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿಗೆ ಕೊಂಡಿ ಕೂಡಿಸಿ ನೇಯುತ್ತಾರೆ. ಟೋಪ ತೆನಿ ಸೆರಗಿನ ಕಸುಬು ಇದೇ. ಒಡಲು ಹತ್ತಿಯದಾದರೂ ಸೆರಗು ಅಪ್ಪಟ ರೇಷ್ಮೆಯದಾಗಬಹುದು, ಕೃತಕ ರೇಷ್ಮೆಯದೂ ಆಗಬಹುದು. ಅದು ಆ ಸೀರೆಯ ದರ್ಜೆಗೆ ಬಿಟ್ಟದ್ದು. ಆದರೆ ಸೆರಗು ಎಲ್ಲಿ ಸೇರಬೇಕು, ಯಾವ ರೀತಿ ಸೇರಬೇಕು ಎಂಬುದು ಮೊದಲೇ ಗೊತ್ತಾದದ್ದು. ಸೀರೆಯ ನಡುಮಧ್ಯದಲ್ಲಿ ಯಾರೋ ಬಂದು ಸೆರಗು ಕೂಡಿಸಲಾರರು. ಆಬ್ಜೆಕ್ಟುಗಳ ವಿನ್ಯಾಸ ಈಗ ಮೆಲ್ಲಗೆ ಇದೇ ನೀತಿಗೆ ಬರುತ್ತಿದೆ. ಬರಲು ಕಾರಣವಾದ ಪ್ರಸಂಗವೊಂದಿದೆ.

ಹಕ್ಕು ಬಳಕೆದಾರನ ಕೈಗೆ ಹೋದಾಗ

ರೂಬಿ ಆನ್ ರೈಲ್ಸ್ ಎಂಬ ವೆಬ್ ಚೌಕಟ್ಟಿನಲ್ಲಿ ಒಂದು ಅನುಕೂಲವಿತ್ತು. ಬಳಕೆದಾರ ಫಾರಂ ತುಂಬಿ ಕಳಿಸಿದರೆ, ಅದರಲ್ಲಿ ಬಂದ ಹೆಸರು-ಬೆಲೆಗಳನ್ನೆಲ್ಲ ಒಂದೇ ಸಾಲಿನಲ್ಲಿ ಆಬ್ಜೆಕ್ಟಿನ ಗುಣಗಳಿಗೆ ತುಂಬಿಬಿಡಬಹುದಾಗಿತ್ತು. ಫಾರಮ್ಮಿನಲ್ಲಿ ಇಲ್ಲದ ಹೆಸರನ್ನು ಬಳಕೆದಾರ ತಾನೇ ಸೇರಿಸಿ ಕಳಿಸಿದರೂ ಅದು ತುಂಬಿಕೊಳ್ಳುತ್ತಿತ್ತು. 2012ರ ಮಾರ್ಚಿನಲ್ಲಿ ರಷ್ಯಾದ ಯುವಕ ಈಗೋರ್ ಹೋಮಕೋವ್ ಇದನ್ನು, ರೈಲ್ಸ್‌ನಲ್ಲೇ ಕಟ್ಟಿದ್ದ ಗಿಟ್‌ಹಬ್ ಜಾಲತಾಣದ ಮೇಲೆಯೇ ತೋರಿಸಿಕೊಟ್ಟರು. ತಮ್ಮ ಕೀಲಿ ನೋಂದಾಯಿಸುವ ಫಾರಮ್ಮಿನೊಡನೆ, ಆ ಕೀಲಿ ಯಾರಿಗೆ ಸೇರಿದ್ದು ಎಂಬ ಗುಣವನ್ನೂ ತಾವೇ ಸೇರಿಸಿ ಕಳಿಸಿ, ರೈಲ್ಸ್‌ನದೇ ಕೋಡ್ ಭಂಡಾರಕ್ಕೆ ಬರೆಯುವ ಅಧಿಕಾರ ಪಡೆದರು. ಅವರು ಮೊದಲು ಎಚ್ಚರಿಸಿದ್ದಾಗ ಅದು ಪ್ರೋಗ್ರಾಮರುಗಳೇ ನೋಡಿಕೊಳ್ಳಬೇಕಾದ ವಿಷಯ ಎಂಬ ಉತ್ತರ ಬಂದಿತ್ತು. ಮರುವರ್ಷದ ರೈಲ್ಸ್ 4ರಲ್ಲಿ ನಿಯಮ ಬದಲಾಯಿತು: ಹೊರಗಿನಿಂದ ಬರಬಹುದಾದ ಗುಣಗಳ ಹೆಸರನ್ನು ಪ್ರೋಗ್ರಾಮರ್ ಮೊದಲೇ ಪಟ್ಟಿ ಮಾಡಬೇಕು, ಪಟ್ಟಿಯಲ್ಲಿ ಇಲ್ಲದ್ದು ಒಳಬರುವುದಿಲ್ಲ.

ಪಿಎಚ್‌ಪಿ ಭಾಷೆಯದು ಇನ್ನೂ ದೊಡ್ಡ ತಿರುವು. ಎಷ್ಟೋ ವರ್ಷ ಅದು ಯಾವ ಆಬ್ಜೆಕ್ಟಿಗೆ ಯಾವ ಗುಣ ಬೇಕಾದರೂ ಸೇರಿಸಲು ಬಿಟ್ಟಿತ್ತು. 2022ರ ಡಿಸೆಂಬರಿನ 8.2 ಆವೃತ್ತಿಯಿಂದ, ಕ್ಲಾಸಿನಲ್ಲಿ ಹೇಳದ ಗುಣ ಹುಟ್ಟಿಸಿದರೆ ಎಚ್ಚರಿಕೆ ಬರುತ್ತದೆ. ನಿಜವಾಗಿ ಬೇಕಾದವರು ಕ್ಲಾಸಿನ ತಲೆಯ ಮೇಲೆ ‘ಅಲೋ ಡೈನಾಮಿಕ್ ಪ್ರಾಪರ್ಟೀಸ್’ ಎಂಬ ಗುರುತು ಹಾಕಬೇಕು. ಪೈಥಾನಿನಲ್ಲಿ ‘ಸ್ಲಾಟ್ಸ್’ ಪಟ್ಟಿ ಕೊಟ್ಟರೆ ಅದರಾಚೆಯ ಹೆಸರಿಗೆ ದೋಷ ಬರುತ್ತದೆ. ಅತ್ತ ಕಟ್ಟುನಿಟ್ಟಿನ ಸಿ# 2010ರಲ್ಲಿ ‘ಎಕ್ಸ್‌ಪಾಂಡೊ ಆಬ್ಜೆಕ್ಟ್’ ಎಂಬ ಸಡಿಲ ಬಗೆಯೊಂದನ್ನು ಸೇರಿಸಿಕೊಂಡಿತು. ಬಿಗಿಯವರು ಒಂದಿಷ್ಟು ಬಿಟ್ಟರು, ಸಡಿಲದವರು ಒಂದಿಷ್ಟು ಕಟ್ಟಿದರು.

ಎರಡು ಯೋಜನೆ, ಎರಡು ನೀತಿ

ಇದೇ ಪ್ರಶ್ನೆಯನ್ನು ಲೋಕಮಟ್ಟದಲ್ಲಿ ಎದುರಿಸಿದ ಎರಡು ಸಾರ್ವಜನಿಕ ಯೋಜನೆಗಳಿವೆ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಕ್ಷೆಯ ಯಾವ ಬಿಂದುವಿಗಾದರೂ ಯಾರಾದರೂ ಯಾವ ಹೆಸರಿನ ಗುಣವನ್ನಾದರೂ ಸೇರಿಸಬಹುದು; ಹೆಸರು 255 ಅಕ್ಷರ ಮೀರಬಾರದು ಎಂಬುದೇ ಮಿತಿ. ಊರಿನ ಕನ್ನಡ ಹೆಸರು ನಕ್ಷೆಗೆ ಬಂದದ್ದು ಇಂಥ ಗುಣವಾಗಿಯೇ. ಯಾರ ಅಪ್ಪಣೆಯೂ ಬೇಕಿಲ್ಲ, ಆದ್ದರಿಂದ ಬೆಳವಣಿಗೆ ಚುರುಕು. ಒಂದೇ ಸಂಗತಿಗೆ ನಾಲ್ಕು ಕಾಗುಣಿತವೂ ಬರುತ್ತದೆ, ತೊಳೆಯಲು ಜನ ಬೇಕು. 2012ರ ವಿಕಿಡೇಟಾ ಎಂಬ ದತ್ತಾಂಶ ಭಂಡಾರ ಬೇರೆ ದಾರಿ ಹಿಡಿಯಿತು. ಅಲ್ಲಿ ಈಗಾಗಲೇ ಇರುವ ಗುಣಗಳಲ್ಲಿ ಬೇಕಾದ್ದನ್ನು ಕಲಾದಗಿಗೆ ಯಾವಾಗಲಾದರೂ ಸೇರಿಸಬಹುದು, ‘ಇಂಥ ವರ್ಷದಿಂದ ಇಂಥ ವರ್ಷದವರೆಗೆ ಈ ಜಿಲ್ಲೆ’ ಎಂದು ಕಾಲವನ್ನೂ ಕೂಡಿಸಬಹುದು. ಆದರೆ ಜಗತ್ತಿಗೇ ಹೊಸದಾದ ಗುಣವೊಂದು ಬೇಕೆಂದರೆ ಪ್ರಸ್ತಾವ ಬರೆಯಬೇಕು, ಚರ್ಚೆ ನಡೆಯಬೇಕು, ಒಪ್ಪಿದ ಮೇಲೆ ಅದಕ್ಕೊಂದು ಸಂಖ್ಯೆ ಸಿಗಬೇಕು. ಬೆಲೆ ಕೊಡುವ ಹಕ್ಕು ಎಲ್ಲರಿಗೂ ಇದೆ. ಹೆಸರಿಡುವುದು ಸಮುದಾಯದ ಕೆಲಸ.

ನಿಮ್ಮ ಪ್ರೋಗ್ರಾಮಿಗೆ ಯಾವುದು ಸರಿ? ಹೆಸರು ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ನಿಮಗೇ ಮೊದಲೇ ಗೊತ್ತಿದ್ದರೆ ಕ್ಲಾಸಿನಲ್ಲಿ ಬರೆಯಿರಿ. ನಂಬುವವರ ಹಾಳೆಯಿಂದ ಬರುವುದಾದರೆ ಅದನ್ನು ಆಬ್ಜೆಕ್ಟಿನ ಮೈಮೇಲೆ ನೇರವಾಗಿ ಅಂಟಿಸುವ ಬದಲು, ‘ಇತರೆ’ ಎಂಬ ಒಂದು ಡಿಕ್ಷನರಿಯನ್ನು ಕ್ಲಾಸಿನಲ್ಲೇ ಘೋಷಿಸಿ, ಹೆಸರನ್ನು ಏಕರೂಪಕ್ಕೆ ತಂದು ಅದರೊಳಗೆ ಹಾಕಿ. ಆಗ ‘ಇತರೆ’ಯಲ್ಲಿ ಬಂದ ‘ರಾಜ್ಯ’ ಕ್ಲಾಸಿನ ‘ರಾಜ್ಯ’ವನ್ನು ಮರೆಮಾಡಲಾರದು. ಅಪರಿಚಿತ ಬಳಕೆದಾರನಿಂದ ಬರುವುದಾದರೆ ಒಪ್ಪಿದ ಹೆಸರುಗಳ ಪಟ್ಟಿಯಾಚೆ ಒಂದಕ್ಕೂ ಅವಕಾಶ ಬೇಡ. ಮೂರೂ ಸಂದರ್ಭದಲ್ಲಿ ಗುಣ ಓಡುತ್ತಿರುವಾಗಲೇ ಬೆಲೆ ಪಡೆಯುತ್ತದೆ, ಆ ಸೌಕರ್ಯ ಎಲ್ಲೂ ಹೋಗುವುದಿಲ್ಲ. ಹೊಸ ಹೆಸರು ಯಾವ ಜಾಗದಲ್ಲಿ ಹುಟ್ಟಬಹುದು, ಯಾರ ಅಪ್ಪಣೆಯಿಂದ ಹುಟ್ಟಬಹುದು ಎಂಬುದು ಮಾತ್ರ ನಾಳೆ ಈ ಕೋಡ್ ಓದುವವರಿಗೆ ಕ್ಲಾಸಿನ ಮೊದಲ ಸಾಲುಗಳಲ್ಲೇ ಗೊತ್ತಾಗಬೇಕು.